ಆಡಿಸುವವನ ಧರ್ಮ

ದೊಡ್ಡಾಟದ ತಾಲೀಮು ನಡೆಯುವ ಊರಲ್ಲಿ ಬೆಳೆದವರಿಗೆ ಈ ಚಿತ್ರವು ಹೊಸದಲ್ಲ. ಸುಗ್ಗಿಯ ಕೆಲಸ ತೀರಿದ ಮೇಲೆ ಊರ ತರುಣರು ರಾತ್ರಿಯೂಟ ಮುಗಿಸಿ ಒಂದೆಡೆಗೆ ಕೂಡುವರು; ಕಲಿಸುವ ಮಾಸ್ತರನು ಪದವನ್ನೂ ಮಾತನ್ನೂ ಹೇಳಿಕೊಡುವನು; ತಿಂಗಳುಗಟ್ಟಲೆ ಅದನ್ನೇ ಅಂದು ಅಂದು ಬಾಯಿಪಾಠ ಮಾಡಿ, ಒಂದು ರಾತ್ರಿ ಕಿರೀಟ ಭುಜಕೀರ್ತಿಗಳನ್ನು ಕಟ್ಟಿಕೊಂಡು ಬೆಳ್ಳನೆ ಬೆಳಗಾಗುವವರೆಗೆ ಕುಣಿಯುವರು. ಅರ್ಜುನನ ವೇಷ ಹಾಕಿದವನನ್ನು, 'ಅಪ್ಪಾ, ನಿನಗೆ ಯುದ್ಧ ಮಾಡುವ ಮನಸ್ಸಿದೆಯೋ ಇಲ್ಲವೋ?' ಎಂದು ಯಾರೂ ಕೇಳುವದಿಲ್ಲ. ಕೇಳಿದರೆ ಆಟವೇ ಕೆಟ್ಟೀತು. ಗೊತ್ತಾದ ಮಾತನ್ನು ಗತ್ತಿನಿಂದ ಆಡುವದರಲ್ಲಿಯೇ ಅವನ ಹಿರಿಮೆಯಿರುವದು; ಆ ಹಿರಿಮೆಯೇನೂ ಸಣ್ಣದಲ್ಲ.

ಆದರೆ ಪಾತ್ರವನ್ನು ವಹಿಸಿದವನಿಗೆ 'ಈಗ ನೀನು ಏನು ಮಾಡುವಿ?' ಎಂದು ಕೇಳುವದೇ ಮುಖ್ಯವಾಗಿರುವ ಆಟವೊಂದು ಇತ್ತೀಚೆಗೆ ಪ್ರಚಾರಕ್ಕೆ ಬಂದಿದೆ. ಇಂಗ್ಲಿಷರಲ್ಲಿ ಇದಕ್ಕೆ ರೋಲ್ ಪ್ಲೇಯಿಂಗ್ ಆಟವೆಂಬ ಹೆಸರು. ಪಾತ್ರದಾಟವೆಂದರೆ ಕನ್ನಡಕ್ಕೆ ಸಾಕು. ನಾಲ್ಕೈದು ಮಂದಿ ಮೇಜಿನ ಸುತ್ತಲೋ ಜಮಖಾನೆಯ ಮೇಲೋ ಕೂಡುವರು. ಒಬ್ಬನು ಆಡಿಸುವವನು, ಉಳಿದವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಆಡಿಸುವವನು ಸನ್ನಿವೇಶವನ್ನು ವರ್ಣಿಸುವನು, ಆಡುವವರು ತಮ್ಮ ತಮ್ಮ ಪಾತ್ರವು ಏನು ಮಾಡುವದೆಂಬದನ್ನು ಹೇಳುವರು. ಆ ಕೆಲಸವು ಕೈಗೂಡುವದೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ದಾಳವನ್ನು ಉರುಳಿಸಿ ತೀರ್ಮಾನಿಸುವರು. ವೇಷವಿಲ್ಲ, ರಂಗವಿಲ್ಲ, ಗೆದ್ದವರು ಸೋತವರು ಎಂಬದೂ ಇಲ್ಲ. ಒಂದೇ ಕಥೆಯು ವಾರಕ್ಕೊಂದು ಸಂಜೆಯಂತೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ನಡೆಯುವದುಂಟು.

ಇಂಥ ಆಟದಲ್ಲಿ ಕಥೆಯನ್ನು ಮುಂದಕ್ಕೆ ಒಯ್ಯತಕ್ಕವರು ಯಾರು? ಆಡುವವರೇ ಒಯ್ಯಲಿ ಎಂಬ ಪಕ್ಷವು ಈಗ ಬಲವಾಗಿದೆ. ಕೇಳಲಿಕ್ಕೆ ಈ ಮಾತು ಇಂಪಾಗಿಯೇ ಇದೆ. ಆದರೆ ಎಂದೂ ಈ ಆಟವನ್ನು ಆಡದ ಹೊಸಬರನ್ನು ಕೂಡ್ರಿಸಿಕೊಂಡು ಇದನ್ನು ಆಚರಣೆಗೆ ತರಹೋದವನಿಗೆ ಮೊದಲನೆಯ ಸಂಜೆಯೇ ಅದರ ಕಷ್ಟವು ತಿಳಿಯುವದು. ಆ ಕಷ್ಟವು ಆಟದ ಮಟ್ಟಿಗೆ ನಿಲ್ಲತಕ್ಕದ್ದಲ್ಲ. ಸ್ವಾತಂತ್ರ್ಯವನ್ನು ಎಂದೂ ಅನುಭವಿಸದವರಿಗೆ ಅದನ್ನು ಒಪ್ಪಿಸಿಕೊಡುವ ಬಗೆ ಯಾವದು, ಒಪ್ಪಿಸಿಕೊಡುವವನ ಧರ್ಮ ಯಾವದು ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ದಾಳದೊಡನೆ ಉರುಳಿ ಬರುವದು.

ರಾಣೆಬೆನ್ನೂರಿನ ಒಂದು ಮನೆಯ ಪಡಸಾಲೆಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಈ ಆಟವನ್ನು ಕಲಿತ ತರುಣನೊಬ್ಬನು ರಜೆಗೆ ಊರಿಗೆ ಬಂದಿದ್ದಾನೆ. ಅವನ ಅಕ್ಕ, ಭಾವ, ಕಾಕಾನ ಮಗಳು, ಓಣಿಯ ಒಬ್ಬ ಗೆಳೆಯ, ಇವರೇ ಆಟಗಾರರು. ತರುಣನು ಉತ್ಸಾಹದಿಂದ, 'ಇದೊಂದು ಪಟ್ಟಣ. ನೀವು ಅಗಸೆಯ ಬಾಗಿಲಲ್ಲಿ ನಿಂತಿರುವಿರಿ. ಏನು ಬೇಕಾದರೂ ಮಾಡಬಹುದು, ಎಲ್ಲಿ ಬೇಕಾದರೂ ಹೋಗಬಹುದು. ಹೇಳಿರಿ!' ಎನ್ನುವನು. ನಾಲ್ವರೂ ಸುಮ್ಮನೆ ಕೂಡುವರು. ಒಬ್ಬರ ಮುಖವನ್ನೊಬ್ಬರು ನೋಡಿ ನಗುವರು. ಕೊನೆಗೆ ಅಕ್ಕನು, 'ತಮ್ಮಾ, ಏನು ಮಾಡಬೇಕು ಅಂತ ನೀನೇ ಹೇಳಿಬಿಡು' ಎನ್ನುವಳು.

ಈ ಮೌನವನ್ನು ಕಂಡು, ಹೊಸಬರಿಗೆ ಕಲ್ಪನಾಶಕ್ತಿಯಿಲ್ಲವೆಂದು ತೀರ್ಮಾನಿಸುವವರಿದ್ದಾರೆ. ಇದು ದುಡುಕಿನ ತೀರ್ಮಾನ. ಅದೇ ಅಕ್ಕನು ಮದುವೆಯ ಮನೆಯಲ್ಲಿ ನೂರು ಮಂದಿಯ ಅಡಿಗೆ ಕೆಟ್ಟಾಗ ಅರ್ಧ ತಾಸಿನೊಳಗೆ ಬೇರೆ ಉಪಾಯವನ್ನು ಹುಡುಕಿಯಾಳು. ಭಾವನು ಬ್ಯಾಡಗಿಯ ಪೇಟೆಯಲ್ಲಿ ಧಾರಣೆ ಇಳಿದ ದಿನ ಮೆಣಸಿನಕಾಯಿಯ ಚೀಲಗಳನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂಬದನ್ನು ನಿಂತಲ್ಲಿಯೇ ನಿಶ್ಚಯಿಸಿಯಾನು. ಅಂಥವರು ಅಗಸೆಯ ಬಾಗಿಲಲ್ಲಿ ಮೂಕರಾದದ್ದು ಯಾಕೆ? ಆ ಪಟ್ಟಣದಲ್ಲಿ ಅವರವರು ಯಾರೂ ಇಲ್ಲ. ಅಲ್ಲಿ ಸಾಲ ಕೊಟ್ಟವನಿಲ್ಲ, ಸಾಲ ತೀರಿಸಬೇಕಾದವನಿಲ್ಲ, ಜ್ವರದಿಂದ ಮಲಗಿದ ಕೂಸಿಲ್ಲ, ಮಾತು ಬಿಟ್ಟ ದಾಯಾದಿಯಿಲ್ಲ. ಕಂಡರಿಯದ ಊರಿನಲ್ಲಿ ಗಾಡಿಯಿಂದ ಇಳಿದವನಿಗೆ ಎಂಟೂ ದಿಕ್ಕುಗಳು ತೆರೆದಿರುತ್ತವೆ. ಆದರೂ ಅವನು ನಿಲ್ದಾಣದ ಬಾಕಿನ ಮೇಲೆಯೇ ಕುಳಿತಿರುತ್ತಾನೆ. ಅವನಿಗೆ ಇಲ್ಲದ್ದು ದಾರಿಯಲ್ಲ, ಹೋಗಲಿಕ್ಕೆ ಕಾರಣವು.

ಈ ಆಟದ ಹುಟ್ಟಿನ ಇತಿಹಾಸವೂ ಇದನ್ನೇ ತೋರಿಸುತ್ತದೆ. ಪ್ರಶಿಯಾದ ಸೈನ್ಯಾಧಿಕಾರಿಗಳಿಗೆ ಯುದ್ಧವನ್ನು ಕಲಿಸುವ ಸಲುವಾಗಿ ರೈಸ್‌ವಿಟ್ಸ್ ಎಂಬವನು 1824ರಲ್ಲಿ ನಕಾಶೆಯ ಮೇಲೆ ಆಡುವ ಯುದ್ಧದಾಟವನ್ನು ರೂಢಿಗೆ ತಂದನು. ಅದರಲ್ಲಿ ಎರಡು ಪಕ್ಷಗಳ ನಡುವೆ ಒಬ್ಬ ಪಂಚನಿರುತ್ತಿದ್ದನು. ನಿಯಮಗಳು ಅತಿಯಾಗಿ ಬೆಳೆದಾಗ, 1876ರಲ್ಲಿ ಜನರಲ್ ವೆರ್ದಿ ಎಂಬವನು ಅವುಗಳ ಬಹುಭಾಗವನ್ನು ಕಿತ್ತು, ನಿರ್ಣಯವನ್ನು ಅನುಭವಸ್ಥನಾದ ಪಂಚನ ವಿವೇಕಕ್ಕೇ ಬಿಟ್ಟನು. ಈ ಕಾಲದ ಆಡಿಸುವವನ ಪೂರ್ವಜನು ಆ ಪಂಚನೇ. ಮುಂದೆ ಅಮೇರಿಕೆಯ ಮಿನೆಸೋಟಾ ಪ್ರಾಂತದಲ್ಲಿ, 1960ರ ದಶಕದ ಕೊನೆಗೆ, ಡೇವಿಡ್ ವೆಸ್ಲಿ ಎಂಬವನು ತನ್ನ ಯುದ್ಧದಾಟದ ಗೆಳೆಯರಿಗಾಗಿ ನೆಪೋಲಿಯನ್ನನ ಕಾಲದ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರನ್ನು ರಚಿಸಿದನು. ಆಟಕ್ಕೆ ಬಂದವರು ಬಹಳ ಮಂದಿ. ಎಲ್ಲರಿಗೂ ಸೈನ್ಯವನ್ನು ಕೊಡಲು ಬರುವಂತಿರಲಿಲ್ಲ. ಆದುದರಿಂದ ಒಬ್ಬನನ್ನು ಊರಿನ ಮೇಯರನನ್ನಾಗಿ, ಒಬ್ಬನನ್ನು ಬ್ಯಾಂಕಿನವನನ್ನಾಗಿ, ಒಬ್ಬನನ್ನು ವಿಶ್ವವಿದ್ಯಾಲಯದ ಮುಖ್ಯಸ್ಥನನ್ನಾಗಿ ಮಾಡಿ, ಒಬ್ಬೊಬ್ಬನಿಗೂ ಸಾಧಿಸಬೇಕಾದ ಕಾರ್ಯವೊಂದನ್ನು ಕೊಟ್ಟನು. ಆಟಗಾರರು ಮೇಜನ್ನು ಬಿಟ್ಟೆದ್ದು ಮೂಲೆ ಮೂಲೆಗಳಲ್ಲಿ ಗುಟ್ಟಿನ ಮಾತಿಗೆ ತೊಡಗಿದರು. ಇಬ್ಬರಂತೂ ದ್ವಂದ್ವಯುದ್ಧಕ್ಕೆ ನಿಂತರು. ಯುದ್ಧವು ಆರಂಭವಾಗಲೇ ಇಲ್ಲ. ತನ್ನ ಆಟವು ಕೆಟ್ಟಿತೆಂದು ವೆಸ್ಲಿಯು ವ್ಯಸನಪಟ್ಟನು. ಆಡಿದವರು ಮಾತ್ರ ಅಂಥದೇ ಇನ್ನೊಂದನ್ನು ಬೇಡಿ ಬಂದರು! ಆ ಗುಂಪಿನಲ್ಲಿದ್ದ ಡೇವ್ ಅರ್ನೆಸನ್ನನು 1971ರಿಂದ ಬ್ಲಾಕ್‌ಮೂರ್ ಎಂಬ ತನ್ನ ಸ್ವಂತ ಕಲ್ಪಿತ ನಾಡಿನಲ್ಲಿ ಆಟವನ್ನು ನಡೆಯಿಸಿದನು. ಅವನೂ ಗ್ಯಾರಿ ಗೈಗ್ಯಾಕ್ಸನೂ ರಚಿಸಿದ ಡಂಜನ್ಸ್ ಎಂಡ್ ಡ್ರಾಗನ್ಸ್ ಎಂಬ ಆಟವು 1974ರಲ್ಲಿ ಪ್ರಕಟವಾಯಿತು. (ರಾಣೆಬೆನ್ನೂರಿನ ಕೃಷ್ಣಮೃಗಗಳ ಅಭಯಾರಣ್ಯವು ಘೋಷಿತವಾದದ್ದೂ ಅದೇ ವರ್ಷ. ಒಂದಕ್ಕೊಂದು ಸಂಬಂಧವಿಲ್ಲ, ಊರವರಿಗೆ ವರ್ಷವು ನೆನಪಿನಲ್ಲಿ ಉಳಿಯಲಿಕ್ಕೆ ಅನುಕೂಲವಷ್ಟೆ.)

ಬ್ರೌನ್‌ಸ್ಟೈನಿನಲ್ಲಿ ಕುಳಿತವರೆಲ್ಲರೂ ಇಂಥ ಆಟಕ್ಕೆ ಹೊಸಬರೇ. ಹಾಗಿದ್ದೂ ಅವರು ಯಾಕೆ ಮೂಕರಾಗಲಿಲ್ಲ? ಅವರಲ್ಲಿ ಯಾರನ್ನೂ ಬರಿಗೈಯಿಂದ ಅಗಸೆಯ ಬಾಗಿಲಲ್ಲಿ ನಿಲ್ಲಿಸಿರಲಿಲ್ಲ. ಒಬ್ಬೊಬ್ಬರಿಗೂ ಊರಿನಲ್ಲಿ ಒಂದು ಸ್ಥಾನವೂ ಒಂದು ಬಯಕೆಯೂ ಇದ್ದವು. ನಡೆಯಿಸುವವನು ಕೈಬಿಟ್ಟರೂ ಆ ಬಯಕೆಯು ಅವರನ್ನು ನಡೆಯಿಸಿತು.

ರಾಣೆಬೆನ್ನೂರಿನ ತರುಣನು ಇದನ್ನರಿತರೆ ಮೊದಲನೆಯ ಸಂಜೆ ಕಥೆಯನ್ನೇ ಆರಂಭಿಸಲಿಕ್ಕಿಲ್ಲ. ಊರನ್ನು ಕಟ್ಟಲಿಕ್ಕೆ ಎಲ್ಲರನ್ನೂ ಕರೆಯುವನು. ಹೊಳೆಯ ದಂಡೆಗೊಂದು ಪೇಟೆ. ಅಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿಗಳು, ವಖಾರಿಗಳು. ಅಕ್ಕನು ಆ ಪೇಟೆಯಲ್ಲಿ ಖಾನಾವಳಿ ನಡೆಸುವ ವಿಧವೆಯಾಗಲಿ. ಭಾವನು ಚೀಲ ಹೊರುವ ಹಮಾಲನಾಗಲಿ. ಕಾಕಾನ ಮಗಳು ಊರಿನ ದಫ್ತರವನ್ನಿಟ್ಟ ತಲಾಟಿಯಾಗಲಿ. ಗೆಳೆಯನು ಹರಿಗೋಲಿನ ಅಂಬಿಗನಾಗಲಿ. ನೀನು ಕಳೆದುಕೊಳ್ಳಲಾರದ ಮನುಷ್ಯನು ಈ ಊರಲ್ಲಿ ಯಾರು? ನೀನು ಯಾರಿಗೆ ಋಣಿ? ಎದುರಿಗೆ ಬಂದರೆ ನೀನು ದಾರಿ ಬಿಟ್ಟು ಹೋಗುವದು ಯಾರನ್ನು ಕಂಡು? ಇಂಥ ಮೂರು ಪ್ರಶ್ನೆಗಳಿಗೆ ಒಬ್ಬೊಬ್ಬರೂ ಉತ್ತರ ಕೊಟ್ಟರೆ ಊರು ಎದ್ದು ನಿಂತಿತು. ಹಮಾಲನಿಗೊಬ್ಬ ತಮ್ಮನಿದ್ದಾನೆ, ಕುಡುಕ. ಆ ತಮ್ಮನು ಖಾನಾವಳಿಯಲ್ಲಿ ಮೂರು ತಿಂಗಳ ಬಾಕಿ ಇಟ್ಟಿದ್ದಾನೆ. ಇಷ್ಟು ಗೊತ್ತಾದ ಮೇಲೆ ಒಂದು ರಾತ್ರಿ ದಲಾಲನ ವಖಾರಿಗೆ ಬೆಂಕಿ ಬಿತ್ತೆಂದೂ ಅಂದಿನಿಂದ ತಮ್ಮನು ಕಾಣೆಯಾದನೆಂದೂ ಹೇಳಿದರೆ ಸಾಕು. 'ಏನು ಮಾಡುವಿರಿ?' ಎಂದು ಈಗ ಕೇಳಿದರೆ ಯಾರೂ ಸುಮ್ಮನೆ ಕೂಡಲಿಕ್ಕಿಲ್ಲ.

ಆಡಿಸುವವನ ಮಾತು ಎಷ್ಟಿರಬೇಕೆಂಬದಕ್ಕೆ ಇದೇ ತಾಲೂಕಿನಲ್ಲಿ ಒಂದು ಹೋಲಿಕೆಯುಂಟು. ದೇವರಗುಡ್ಡದಲ್ಲಿ ಮಹಾನವಮಿಯ ಕಾಲಕ್ಕೆ ಮಾಲತೇಶನ ಕಾರಣಿಕವಾಗುತ್ತದೆ. ಗೊರವಯ್ಯನು ಬಿಲ್ಲನ್ನೇರಿ 'ಸದ್ದಲೇ' ಎಂದೊಡನೆ ನೆರೆದ ಜನಸ್ತೋಮವು ಉಸಿರು ಬಿಗಿಹಿಡಿಯುವದು. ಅವನು ಒಂದು ಚಿಕ್ಕ ವಾಕ್ಯವನ್ನು ನುಡಿದು ಕೆಳಗೆ ಬೀಳುವನು. ಅಲ್ಲಿಂದ ಮುಂದಿನದೆಲ್ಲವೂ ಜನರ ಪಾಲಿನದು: ಅದು ಮಳೆಗೆಂದು ಒಬ್ಬನು, ಬೆಳೆಗೆಂದು ಒಬ್ಬನು, ರಾಜಕಾರಣಕ್ಕೆಂದು ಮತ್ತೊಬ್ಬನು ಮನೆಯವರೆಗೂ ಅರ್ಥ ಮಾಡುತ್ತ ಹೋಗುವರು. ದೈವದ ನುಡಿಯನ್ನು ಆಟದ ಮಾತಿಗೆ ಸರಿಗಟ್ಟುವದು ತಕ್ಕದ್ದಲ್ಲವಾದರೂ, ಹೇಳುವವನು ಕಡಿಮೆ ಹೇಳಿದಷ್ಟೂ ಕೇಳುವವರು ಹೆಚ್ಚು ಕೆಲಸ ಮಾಡುವರೆಂಬದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಅರ್ಧ ತಾಸು ವರ್ಣನೆ ಮಾಡುವ ಆಡಿಸುವವನಿಗೆ ಶ್ರೋತೃಗಳು ಸಿಕ್ಕಾರು, ಜತೆಯ ಆಟಗಾರರು ಸಿಕ್ಕಲಾರರು.

ಇಷ್ಟಾದರೂ ಕಠಿನವಾದ ಪ್ರಶ್ನೆಯು ಇನ್ನೂ ಉಳಿದೇ ಇದೆ. ವಖಾರಿಗೆ ಬೆಂಕಿ ಹಚ್ಚಿದವರು ಯಾರೆಂಬದನ್ನು ಆಡಿಸುವವನು ಮೊದಲೇ ಗೊತ್ತು ಮಾಡಿರಬಹುದು. ಕಥೆಯು ಹೀಗೆ ಹೀಗೆ ನಡೆಯಬೇಕೆಂದು ಹಾಳೆಗಟ್ಟಲೆ ಬರೆದಿಟ್ಟಿರಬಹುದು. ಆಡುವವರು ಮೂಡಲಿಗೆ ಹೋಗುವೆವೆಂದರೆ ಅಲ್ಲಿ ಸೇತುವೆ ಮುರಿದಿದೆ ಎನ್ನುವನು. ಪಡುವಲಿಗೆ ಹೋದರೆ ಕಾಯುವವರು ಬಿಡಲೊಲ್ಲರು ಎನ್ನುವನು. ಕೊನೆಗೆ ಅವನು ಎಣಿಸಿದ ಬಾಗಿಲೊಂದೇ ತೆರೆದಿರುವದು. ಆಟಗಾರರು ಇದಕ್ಕೆ ರೈಲಿನ ಹಳಿಯ ಹೋಲಿಕೆಯನ್ನು ಕೊಡುವರು. ಹೋಲಿಕೆಯು ತಕ್ಕದ್ದೇ ಆಗಿದೆ. ಹುಬ್ಬಳ್ಳಿಯಲ್ಲಿ ಗಾಡಿ ಹತ್ತಿದವನು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಕಿಡಿಕಿಯೊಳಗಿಂದ ನೋಡುತ್ತ ಹರಿಹರಕ್ಕೆ ಹೋಗಬಹುದು. ಗಾಡಿಯನ್ನು ಹಾನಗಲ್ಲಿಗೆ ತಿರುಗಿಸಲಾರನು. ಆದರೆ ರೈಲಿನಲ್ಲಿ ವಂಚನೆಯಿಲ್ಲ. ಹಳಿ ಎಲ್ಲಿಗೆ ಹೋಗುವದೆಂಬದು ಎಲ್ಲರಿಗೂ ಗೊತ್ತು.

ಇದಕ್ಕಿಂತ ಸೂಕ್ಷ್ಮವಾದ ಉಪಾಯವೊಂದಿದೆ. ಎಡದ ದಾರಿಯೋ ಬಲದ ದಾರಿಯೋ ಎಂದು ಆಡಿಸುವವನು ಕೇಳುವನು. ಆಡುವವರು ತಾಸುಗಟ್ಟಲೆ ಚರ್ಚಿಸಿ ಎಡವನ್ನು ಆರಿಸುವರು. ಅಲ್ಲೊಬ್ಬ ರಾಕ್ಷಸನು ಎದುರಾಗುವನು. ಬಲವನ್ನು ಆರಿಸಿದ್ದರೂ ಅದೇ ರಾಕ್ಷಸನೇ ಎದುರಾಗುತ್ತಿದ್ದನು. ಎರಡು ದಾರಿಗಳಿಗೂ ಅವನೊಬ್ಬನೇ. ಆಡುವವರಿಗೆ ಇದು ಎಂದೂ ತಿಳಿಯುವದಿಲ್ಲ; ಅವರ ಸಂತೋಷಕ್ಕೂ ಕೊರತೆಯಿಲ್ಲ. ಹೀಗಿರುವಲ್ಲಿ ಕೆಟ್ಟದ್ದೇನು? ಹೊಸಬರಿಗೆ ಇದೇ ಹಿತವೆಂದೂ, ಆಯ್ಕೆಯು ತಮ್ಮದೆಂಬ ಭಾವನೆ ಬಂದರೆ ಸಾಕೆಂದೂ, ನಿಜವಾದ ಆಯ್ಕೆಯ ಭಾರವನ್ನು ಅವರು ಹೊರಲಾರರೆಂದೂ ವಾದಿಸುವ ಜಾಣರುಂಟು.

ಈ ವಾದವನ್ನು ತೂಗಿನೋಡಲಿಕ್ಕೆ ದೂರ ಹೋಗಬೇಕಾದದ್ದಿಲ್ಲ. ಮನೆಯಲ್ಲಿ ಅಜ್ಜನು ಮೊಮ್ಮಗನೊಡನೆ ಚೌಕಾಬಾರವನ್ನಾಡುತ್ತ ಬೇಕೆಂದೇ ಸೋಲುವನು. ನಾಲ್ಕು ವರುಷದ ಕೂಸಿನೊಡನೆ ಹಾಗೆ ಸೋಲುವದು ವಾತ್ಸಲ್ಯ; ಅದನ್ನು ದೂಷಿಸುವವನು ಅರಸಿಕನು. ಆದರೆ ಹುಡುಗನು ಹತ್ತು ವರುಷದವನಾದಾಗಲೂ ಅಜ್ಜನು ಹಾಗೆಯೇ ಸೋಲುತ್ತ ಬಂದು, ಒಂದು ದಿನ ಹುಡುಗನಿಗೆ ಅದು ತಿಳಿದರೆ? ಆ ದಿನದ ಗೆಲವೊಂದೇ ಹೋದರೆ ಹೋಗಲಿ ಎನ್ನಬಹುದಿತ್ತು. ಅಲ್ಲಿಯವರೆಗೆ ಗೆದ್ದದ್ದೆಲ್ಲವೂ, ಗೆದ್ದು ಓಣಿಯ ತುಂಬ ಹೇಳಿಕೊಂಡು ಬಂದದ್ದೆಲ್ಲವೂ ಒಮ್ಮೆಲೇ ಸುಳ್ಳಾಗುವದು. ಅವನ ನೆನಪುಗಳನ್ನೇ ಯಾರೋ ಕದ್ದಂತೆ. ಗುಟ್ಟು ಹೊರಬೀಳಲಿಕ್ಕಿಲ್ಲವಲ್ಲ ಎಂದರೆ, ಕಳವು ಸಿಕ್ಕಿಬೀಳಲಿಕ್ಕಿಲ್ಲ ಎಂದಂತಾಯಿತು. ಅದಲ್ಲದೆ ಅಕ್ಕ ಭಾವಂದಿರು ನಾಲ್ಕು ವರುಷದವರಲ್ಲ. ಹೊಸಬರೆಂಬ ಕಾರಣದಿಂದ ಬೆಳೆದವರನ್ನು ಕೂಸುಗಳೆಂದು ಭಾವಿಸುವದು ದಯೆಯ ವೇಷದಲ್ಲಿರುವ ತಿರಸ್ಕಾರವು. ಕಾಯಿದೆಯನ್ನರಿಯದವರ ಹೆಬ್ಬೆಟ್ಟನ್ನು ಒತ್ತಿಸಿಕೊಂಡು, 'ನಿಮ್ಮ ಹಿತಕ್ಕಾಗಿಯೇ' ಎಂದ ಸಾವುಕಾರರ ಕಥೆಗಳು ಈ ಸೀಮೆಯ ಹಿರಿಯರಿಗೆ ಗೊತ್ತಿಲ್ಲದ್ದಲ್ಲ.

ದಾಳದ ವಿಷಯದಲ್ಲಿಯೂ ಇದೇ ಮಾತು. ಆಡಿಸುವವನು ಮರೆಯೊಡ್ಡಿ ಅದರ ಹಿಂದೆ ದಾಳವನ್ನು ಉರುಳಿಸುವ ರೂಢಿಯಿದೆ. ಮೆಚ್ಚಿನ ಪಾತ್ರವು ಸಾಯುವ ಹೊತ್ತಿಗೆ ಬಿದ್ದ ಮೂರನ್ನು ಹದಿನೇಳೆಂದು ಹೇಳುವ ಮೋಹವು ಎಂಥವನಿಗೂ ಬರುವದು. ಪಡಸಾಲೆಯ ಚೌಕಾಬಾರದಲ್ಲಿ ಕವಡೆಗಳು ಎಲ್ಲರ ಕಣ್ಣೆದುರಿಗೇ ಬೀಳುತ್ತವೆ. ಈ ಹಳೆಯ ಪದ್ಧತಿಯನ್ನೇ ಹೊಸ ಆಟದಲ್ಲಿಯೂ ಇಟ್ಟುಕೊಂಡರೆ ಆಡಿಸುವವನು ಆ ಮೋಹದಿಂದ ಪಾರಾದಾನು.

ಹಾಗಾದರೆ ಕಥೆಯ ಕೊನೆಯನ್ನು ಮೊದಲೇ ಗೊತ್ತು ಮಾಡುವದೇ ಪಾಪವೋ? ಇಲ್ಲ, ಇದಕ್ಕೆ ಕನ್ನಡನಾಡಿನಲ್ಲಿಯೇ ಪ್ರಬಲವಾದ ಸಾಕ್ಷಿಯಿದೆ. ಬಯಲುಸೀಮೆಯಲ್ಲಿ ಹರದೇಶಿ ನಾಗೇಶಿ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯೆಲ್ಲ ಪದಕ್ಕೆ ಪದ ಕೊಟ್ಟು ವಾದಿಸುವದನ್ನು ಅನೇಕರು ಕೇಳಿರುವರು. ಅಲ್ಲಿ ಪಕ್ಷವು ಗೊತ್ತಾದದ್ದು, ಉತ್ತರವು ಮಾತ್ರ ಆ ಹೊತ್ತಿನದು. ಇನ್ನು ಕರಾವಳಿ ಮಲೆನಾಡುಗಳ ತಾಳಮದ್ದಲೆಯಂತೂ ಪಾತ್ರದಾಟದ ಸಾಕ್ಷಾತ್ ಅಣ್ಣನೇ ಸರಿ. ಅರ್ಥಧಾರಿಗಳು ವೇಷವಿಲ್ಲದೆ ಎದುರುಬದುರು ಕೂಡುವರು. ಭಾಗವತನು ಪದವನ್ನು ಹಾಡುವನು. ಮಾತು ಮಾತ್ರ ಯಾವ ಪುಸ್ತಕದಲ್ಲಿಯೂ ಬರೆದದ್ದಲ್ಲ, ಅಲ್ಲಿಯೇ ಹುಟ್ಟತಕ್ಕದ್ದು. ವಾಲಿಯು ರಾಮನ ಬಾಣದಿಂದ ಬೀಳುವನೆಂಬದು ಸಭೆಯ ಕೂಸಿಗೂ ಗೊತ್ತು. ಆದರೆ ಬಿದ್ದ ವಾಲಿಯು ರಾಮನಿಗೆ ಹಾಕುವ ಪ್ರಶ್ನೆಗಳಿಗೆ ರಾಮನು ಈ ರಾತ್ರಿ ಉತ್ತರ ಕೊಡಬಲ್ಲನೇ ಎಂಬದು ಯಾರಿಗೂ ಗೊತ್ತಿಲ್ಲ. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯ ಅರ್ಥ ಹೇಳುವರೆಂದರೆ ಜನರು ಕಿಕ್ಕಿರಿದು ಕೂಡುತ್ತಿದ್ದುದು ಕಥೆಯ ಕೊನೆಯನ್ನು ತಿಳಿಯಲಿಕ್ಕಲ್ಲ.

ಇಲ್ಲಿ ಕೊನೆಯು ಗೊತ್ತಾಗಿದ್ದರೂ ಅರ್ಥಧಾರಿಯ ಸ್ವಾತಂತ್ರ್ಯಕ್ಕೆ ಕುಂದಿಲ್ಲ. ಗೊತ್ತಾದದ್ದು ಎಷ್ಟು, ಬಿಟ್ಟದ್ದು ಎಷ್ಟು ಎಂಬದು ಎಲ್ಲರಿಗೂ ತಿಳಿದಿದೆ. ಯಾರೂ ಯಾರನ್ನೂ ಮೋಸಗೊಳಿಸಿಲ್ಲ. ಹಾಗೆಯೇ ಆಡಿಸುವವನು ಮೊದಲನೆಯ ಸಂಜೆ, 'ಈ ಊರಿಗೆ ಬರುವ ಮಳೆಗಾಲದಲ್ಲಿ ಹೊಳೆಯ ನೆರೆ ಬಂದೇ ಬರುವದು. ಅಲ್ಲಿಯವರೆಗೆ ಏನಾಗುವದೋ, ಯಾರು ಉಳಿಯುವರೋ ಅದು ನಿಮ್ಮ ಕೈಯೊಳಗಿನದು' ಎಂದು ಬಿಚ್ಚಿ ಹೇಳಲಿ. ಹೊಸಬರಿಗೆ ಇಂಥ ಗೆರೆಯೊಂದು ಇದ್ದರೆ ಒಳ್ಳೆಯದೇ. ಗಡಿಯಿಲ್ಲದ ಬಯಲಿಗಿಂತ ಬೇಲಿಯಿರುವ ಹೊಲದಲ್ಲಿ ಕೆಲಸ ಸಾಗುವದು. ಆದರೆ ಬೇಲಿಯು ಕಣ್ಣಿಗೆ ಕಾಣಬೇಕು. ವಖಾರಿಯ ಬೆಂಕಿಯ ಗುಟ್ಟು ಇದಕ್ಕೆ ವಿರುದ್ಧವಲ್ಲ. ಹಚ್ಚಿದವನು ದಲಾಲನೇ ಎಂದು ಮೊದಲೇ ಗೊತ್ತು ಮಾಡಿ ಮುಚ್ಚಿಟ್ಟರೆ, ಹುಡುಕುವವರು ಇದ್ದದ್ದನ್ನೇ ಹುಡುಕುವರು, ಹುಡುಕಲಾರದೆ ಸೋತರೂ ಆ ಸೋಲು ನಿಜವಾದದ್ದು. ದಿನಕ್ಕೊಬ್ಬನನ್ನು ಅಪರಾಧಿಯನ್ನಾಗಿ ಬದಲಿಸುತ್ತ ಹೋಗಿ, ಕೊನೆಗೆ ಅವರ ಜಾಣತನವನ್ನು ಹೊಗಳುವದು ಮಾತ್ರ ಅಜ್ಜನ ಚೌಕಾಬಾರವೇ.

ಆಡಿಸುವವನು ಹಿಂದೆ ಸರಿದ ಮಾತ್ರಕ್ಕೆ ಆಡುವವರೆಲ್ಲರೂ ಸ್ವತಂತ್ರರಾದರೆಂದು ತಿಳಿಯುವದೂ ತಪ್ಪು. ಪಡಸಾಲೆಯಲ್ಲಿ ಭಾವನು ಹಿರಿಯನು. 'ಮೊದಲು ದಲಾಲನ ಮನೆಗೇ ಹೋಗೋಣ' ಎಂದು ಅವರು ಅಂದರೆ ಮುಗಿಯಿತು. ಅಕ್ಕನು ತಲೆದೂಗುವಳು, ಗೆಳೆಯನು 'ಸರಿ, ಅಣ್ಣಾರ' ಎನ್ನುವನು, ಕಾಕಾನ ಮಗಳು ಬಾಯಿಯನ್ನೇ ತೆರೆಯಲಿಕ್ಕಿಲ್ಲ. ಆಡಿಸುವವನ ಒಡೆತನವು ಹೋಗಿ ದೊಡ್ಡ ದನಿಯವನ ಒಡೆತನವು ಬಂದಿತು. ಆಡುವವರೇ ನಡೆಯಿಸುವ ಆಟವೆಂದು ಇದಕ್ಕೆ ಹೆಸರು ಬೇರೆ! ಯಹೂದಿಯರ ಪ್ರಾಚೀನ ನ್ಯಾಯಸಭೆಯಲ್ಲಿ ಮರಣದಂಡನೆಯ ವಿಚಾರವು ಬಂದರೆ ಕಿರಿಯರಿಂದ ಅಭಿಪ್ರಾಯವನ್ನು ಕೇಳಲಾರಂಭಿಸಬೇಕೆಂಬ ನಿಯಮವಿತ್ತು. ಹಿರಿಯರು ಮೊದಲು ನುಡಿದರೆ ಕಿರಿಯರು ಎದುರಾಡಲಾರರೆಂಬ ಎಚ್ಚರವೇ ಇದರ ಕಾರಣ. ಪಾತ್ರದಾಟದಲ್ಲಿಯೂ ಕಾಕಾನ ಮಗಳನ್ನೇ ಮೊದಲು ಕೇಳಬೇಕು. ಅದರಲ್ಲಿಯೂ, 'ಏನು ಮಾಡುವಿ?' ಎಂದಷ್ಟೇ ಕೇಳದೆ, 'ಸುಟ್ಟ ವಖಾರಿಯ ಲೆಕ್ಕದ ಪುಸ್ತಕವು ನಿನ್ನ ದಫ್ತರದಲ್ಲಿದೆ. ದಲಾಲನು ಅದನ್ನು ಬೇಡಲಿಕ್ಕೆ ಬಂದು ಬಾಗಿಲಲ್ಲಿ ನಿಂತಿದ್ದಾನೆ' ಎಂದು ಅವಳೊಬ್ಬಳೇ ಉತ್ತರಿಸಬಲ್ಲ ಮಾತನ್ನು ಮುಂದಿಡಬೇಕು. ತಾಳಮದ್ದಲೆಯಲ್ಲಿ ಹಿರಿಯ ಅರ್ಥಧಾರಿಯು ಎದುರಿಗೆ ಕುಳಿತ ಹೊಸಬನಿಗೆ ಅವನು ಎತ್ತಿಕೊಳ್ಳಬಲ್ಲಂಥ ಪ್ರಶ್ನೆಯನ್ನೇ ಹಾಕಿ ಮಾತು ಬೆಳೆಸಬಹುದು. ಬೇಕಾದರೆ ಒಂದೇ ಶಾಸ್ತ್ರವಾಕ್ಯದಿಂದ ಅವನ ಬಾಯಿ ಕಟ್ಟಲೂಬಹುದು. ಎರಡಕ್ಕೂ ಪಾಂಡಿತ್ಯ ಬೇಕು.

ಸಿದ್ಧತೆಯ ಮಾತೊಂದು ಉಳಿಯಿತು. ಆಡುವವರು ಎಲ್ಲಿಗೆ ಹೋಗುವರೆಂಬದು ತಿಳಿಯದಿದ್ದರೆ ಆಡಿಸುವವನು ಏನನ್ನು ಸಿದ್ಧಪಡಿಸಬೇಕು? ಬೆನ್ ರಾಬಿನ್ಸ್ ಎಂಬ ಅಮೇರಿಕದವನು ಹತ್ತಕ್ಕೂ ಹೆಚ್ಚು ಆಟಗಾರರೊಡನೆ ವೆಸ್ಟ್ ಮಾರ್ಚಸ್ ಎಂಬ ಆಟವನ್ನು ನಡೆಯಿಸಿದನು. ಅದರಲ್ಲಿ ಕೂಡುವ ದಿನವನ್ನೂ ಹೋಗುವ ದಿಕ್ಕನ್ನೂ ಆಟಗಾರರೇ ಗೊತ್ತು ಮಾಡಿ ಅವನಿಗೆ ತಿಳಿಸುತ್ತಿದ್ದರು, ಅವನು ಅದಕ್ಕೆ ತಕ್ಕಂತೆ ಅಣಿಯಾಗುತ್ತಿದ್ದನು. ಹೊಸ ಗುಂಪಿಗೆ ಅಷ್ಟು ಬೇಡ. ಪ್ರತಿ ಸಂಜೆ ಏಳುವ ಮುಂಚೆ, 'ಬರುವ ವಾರ ನೀವು ಏನು ಮಾಡಬೇಕೆಂದಿರುವಿರಿ?' ಎಂದು ಕೇಳಿದರೆ ಸಾಕು. ಉತ್ತರವು ಒಮ್ಮೊಮ್ಮೆ ಆಡಿಸುವವನ ಎದೆಯನ್ನು ನೋಯಿಸುವದುಂಟು. ದಲಾಲನ ಮನೆಯ ನಕಾಶೆಯನ್ನು ಅವನು ಎರಡು ರಾತ್ರಿ ಕುಳಿತು ಬರೆದಿರುವನು. ಕಾಕಾನ ಮಗಳು ಮಾತ್ರ, ತಾನು ಲೆಕ್ಕದ ಪುಸ್ತಕದ ಒಂದು ಹಾಳೆಯನ್ನು ಹರಿದು ಹಮಾಲನ ಕೈಗೆ ಕೊಡುವೆನೆನ್ನುವಳು. ಹಮಾಲನು ಅದನ್ನು ತೆಗೆದುಕೊಂಡು ರಾತ್ರೋರಾತ್ರಿ ಹರಿಗೋಲಿನಲ್ಲಿ ಹೊಳೆ ದಾಟುವೆನೆನ್ನುವನು. ಆ ದಂಡೆಯಲ್ಲಿ ಏನಿದೆಯೆಂಬದನ್ನು ತರುಣನು ಯೋಚಿಸಿಯೇ ಇಲ್ಲ. ಅವನು ದಲಾಲನ ಮನೆಯ ನಕಾಶೆಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು, ಮುಂದಿನ ಶನಿವಾರದೊಳಗಾಗಿ ಆ ಹಾಳೆಯಲ್ಲಿ ಯಾರ ಯಾರ ಹೆಸರಿದೆ, ಆಚೆಯ ದಂಡೆಯ ಊರಿನಲ್ಲಿ ಆ ಹೊತ್ತಿಗೆ ಎಚ್ಚರವಿರುವವರು ಯಾರು ಎಂಬದನ್ನು ಬರೆಯಲಿಕ್ಕೆ ಕೂಡಬೇಕು.